ಒಂದಕ್ಷರವೂ ಬಿಡದ ಉತ್ತರ

ಕಾವ್ಯವಾಚನದ ನಡುವೆ ರಾಕ್ಷಸ ಬಂದರೂ ನಮ್ಮಪ್ಪ ಅವನಿಗೆ ಬಹುವಚನ ಕೊಟ್ಟೇ ಅರ್ಥ ಹೇಳುತ್ತಿದ್ದರು. "ರಾಕ್ಷಸರಾದ್ರೇನು, ಅವ್ರೂ ತಪಸ್ಸು ಮಾಡ್ದೋರು" ಎನ್ನುವುದು ಅವರ ಮಾತು. ನಾಗಭೂಷಣನಿಗೆ ಬಹುವಚನ ಕೊಡಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ. ಅವನು ಯಾವ ತಪಸ್ಸೂ ಮಾಡಿದವನಲ್ಲ. ತುಮಕೂರಿನಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಟ್ಯುಟೋರಿಯಲ್ ಇಟ್ಟುಕೊಂಡು, ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ. ಮೆಟ್ಟಿಲಿನ ಪಕ್ಕದಲ್ಲಿ ಬೋರ್ಡು ತೂಗುತ್ತಿತ್ತು: 'ನೂರಕ್ಕೆ ನೂರು ಫಲಿತಾಂಶ'. ಅದು ಸುಳ್ಳಲ್ಲ. ಅದು ನಿಜವಾಗುತ್ತಿದ್ದುದು ಹೇಗೆಂದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು.

ನಾನು ಅಲ್ಲಿಗೆ ಸೇರಿದ್ದು ತೊಂಬತ್ತೈದರ ಮೇ ತಿಂಗಳಲ್ಲಿ. ಆಗ ನನಗೆ ಇಪ್ಪತ್ತೊಂಬತ್ತು. ಅದಕ್ಕೆ ಆರು ತಿಂಗಳು ಹಿಂದೆ ನಮ್ಮ ಯಜಮಾನರು ರಂಗರಾಜು ಕಾಮಾಲೆಯಲ್ಲಿ ತೀರಿಕೊಂಡಿದ್ದರು. ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಗುಮಾಸ್ತರಾಗಿದ್ದರು. ಅನುಕಂಪದ ಮೇಲೆ ನನಗೊಂದು ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದರಿಂದ, ಹದಿನೈದು ದಿನ ಕಳೆದ ಮೇಲೆ ಅತ್ತೆಯನ್ನು ಕರೆದುಕೊಂಡು ಆ ಕಚೇರಿಗೆ ಹೋದೆ. ಮ್ಯಾನೇಜರ್ ಗಂಗಣ್ಣ ಕುರ್ಚಿ ತೋರಿಸಲಿಲ್ಲ.

"ನೋಡಮ್ಮ ರಂಗಲಕ್ಷ್ಮಮ್ಮ, ರಂಗರಾಜು ಸೀಟು ಒಂದ್ ವರ್ಷ ಹಂಗೇ ಇಟ್ಟಿರ್ತೀವಿ. ಅಷ್ಟರೊಳಗೆ ಎಸ್ಸೆಸ್ಸೆಲ್ಸಿ ಪಾಸ್ ಮಾಡ್ಕೊಂಡ್ರೆ ಅಲ್ಲೇ ಕೂತ್ಕೊ. ಇಲ್ಲಾಂದ್ರೆ ಜವಾನರ ಪೋಸ್ಟು. ಕಷ್ಟ ಏನಿಲ್ಲ. ಕಾಫಿ ತರೋದು, ಲೋಟ ತೊಳೆಯೋದು."

ಪಕ್ಕದ ಮೇಜಿನವನು ಫೈಲಿನಿಂದ ತಲೆ ಎತ್ತದೆ, "ಬುಡಿ ಸಾರ್, ಲೋಟ ತೊಳ್ಯಾಕೆ ಇಂಗ್ಲಿಷ್ ಯಾಕ್ ಬೇಕು" ಎಂದ. ಗಂಗಣ್ಣನೂ ಸೇರಿ ನಾಲ್ಕು ಜನ ನಕ್ಕರು. ಹಿಂದಿನ ಯುಗಾದಿಗೆ ಆ ನಾಲ್ವರೂ ನಮ್ಮ ಮನೆಯಲ್ಲಿ ಸಾಲಾಗಿ ಕೂತು ಒಬ್ಬಟ್ಟು ತಿಂದಿದ್ದರು. ತುಪ್ಪ ಸಾಲದೆಂದು ಎರಡನೆಯ ಸಲ ಹಾಕಿಸಿಕೊಂಡವನೇ ಈಗ ಮಾತಾಡಿದವನು.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಬಿದ್ದದ್ದು ಇಂಗ್ಲಿಷ್ ಒಂದರಲ್ಲಿ, ನಾಲ್ಕು ಅಂಕಕ್ಕೆ. ಮದುವೆಯಾಯಿತು, ಮತ್ತೆ ಕಟ್ಟಲಿಲ್ಲ. ಆ ವರ್ಷದ ಏಪ್ರಿಲ್ ಪರೀಕ್ಷೆ ದುಃಖದಲ್ಲೇ ಹೋಯಿತು. ಉಳಿದದ್ದು ಸೆಪ್ಟೆಂಬರ್ ಒಂದೇ. ಅದರಲ್ಲಿ ಪಾಸಾದರೆ ಯಜಮಾನರ ಕುರ್ಚಿ, ಇಲ್ಲವಾದರೆ ಆ ನಾಲ್ವರ ಲೋಟ.

ದಿನವೂ ಗುಬ್ಬಿಯಿಂದ ಬಸ್ಸು ಹಿಡಿದು ಮಧ್ಯಾಹ್ನ ಮೂರರ ಬ್ಯಾಚಿಗೆ ಹೋಗುತ್ತಿದ್ದೆ. ಮೊದಲ ದಿನವೇ ನಾಗಭೂಷಣ ನನ್ನ ಹಳೆಯ ಅಂಕಪಟ್ಟಿಯನ್ನು ಇಸಿದುಕೊಂಡು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ. ನಮ್ಮಂಥ ಹಳೆಯ ಫೇಲುಗಳ ಅರ್ಜಿಯನ್ನು ಅವನೇ ಒಟ್ಟುಮಾಡಿ ಪರೀಕ್ಷೆಗೆ ಕಳಿಸುವುದು. ಬೇರೆ ದಾರಿ ಇತ್ತೋ ಏನೋ, ನಮಗೆ ಹೇಳುವವರು ಇರಲಿಲ್ಲ.

ಬೆಳಗಿನ ಬ್ಯಾಚಿನವರು ಪೇಟೆಯ ಮಕ್ಕಳು. ಅವರಿಗೆ ಪಾಠ. ಮೂರರ ಬ್ಯಾಚಿನ ನಮಗೆ ಬೈಗುಳ. ಗುಬ್ಬಿ, ಕುಣಿಗಲ್ ಕಡೆಯ ಹತ್ತು ಹದಿನೈದು ಹೆಂಗಸರು, ಗಂಡಸರು. ಸತ್ಯಮಂಗಲದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಮೋಹನ್‌ಕುಮಾರ್. ಪೇಟೆಯವಳೆಂದರೆ ಸದಾಶಿವನಗರದ ತ್ರಿವೇಣಿ ಎಂಬ ಹುಡುಗಿ ಒಬ್ಬಳೇ. ಅವಳು ಎರಡು ಸಲ ಫೇಲಾಗಿದ್ದರಿಂದ ಬೆಳಗಿನ ಬ್ಯಾಚಿನಿಂದ ನಮ್ಮ ಕಡೆಗೆ ತಳ್ಳಿದ್ದ.

ನಾಗಭೂಷಣ ಇಂಗ್ಲಿಷಿನ ಸಮ್ ಮತ್ತು ಎನಿ ಹೇಳಿಕೊಟ್ಟದ್ದು ಹೀಗೆ.

"ತುಮ್ಕೂರಲ್ಲಿ ಸಮ್ ಬ್ರೈನ್ಸ್ ಇವೆ. ಇದೆ ಅನ್ನೋವಾಗ ಸಮ್. ಗುಬ್ಬೀಲಿ ಎನಿ ಬ್ರೈನ್ಸ್ ಇದಾವಾ? ಕೇಳೋವಾಗ ಎನಿ. ಕುಣಿಗಲ್ಲಲ್ಲಿ ಎನಿ ಬ್ರೈನ್ಸ್ ಇಲ್ಲ. ಇಲ್ಲ ಅನ್ನೋವಾಗ್ಲೂ ಎನಿ. ಬರ್ಕೊಳ್ರಿ, ಬಾಯ್ ಬಿಟ್ಕೊಂಡ್ ನೋಡ್ಬೇಡಿ."

ಕುಣಿಗಲ್ಲಿನವರು ತಲೆ ತಗ್ಗಿಸಿ ಬರೆದುಕೊಂಡರು. ತಮಗೆ ಮಿದುಳಿಲ್ಲವೆಂದು ತಮ್ಮ ಕೈಯಲ್ಲೇ, ದುಂಡಗಿನ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು ಬರೆದುಕೊಂಡರು.

ಎ, ಆನ್, ದಿ ಎನ್ನುವ ಮೂರಕ್ಕೆ ಅವನು ನನ್ನನ್ನು ಎದ್ದು ನಿಲ್ಲಿಸಿದ. "ನಿಮ್ಮೂರು ಯಾವ್ದಮ್ಮ?" ತವರೂರು ಹಾಗಲವಾಡಿ ಪಕ್ಕ ಎಂದೆ. "ಸರಿ. ಎ ಬಫೆಲೊ ಕೇಮ್ ಟು ದಿ ಕ್ಲಾಸ್. ಮೊದಲ್ನೇ ಸಲ ಬಂದಿದ್ದು, ಯಾವ ಎಮ್ಮೆ ಅಂತ ಗೊತ್ತಿಲ್ಲ, ಅದಕ್ಕೇ ಎ. ಈಗ ಗೊತ್ತಾಯ್ತು, ಹಾಗಲವಾಡಿ ಎಮ್ಮೆ. ಇನ್ಮೇಲೆ ದಿ ಬಫೆಲೊ. ದಿ ಬಫೆಲೊ, ಸಿಟ್ ಡೌನ್."

ಕೂತೆ. ಎಲ್ಲರೂ ನಕ್ಕರು. ತಮ್ಮ ಸರದಿ ಮುಗಿದವರ ನಗು ಅದು. ಅದಕ್ಕಿಂತ ಅಗ್ಗದ ನಗು ಇನ್ನೊಂದಿಲ್ಲ.

ಮೋಹನ್‌ಕುಮಾರ್ ಒಮ್ಮೆ, "ಸಾರ್, ಖಾಲಿ ಜಾಗಕ್ಕೆ ಯಾವುದು ಹಾಕ್ಬೇಕು ಅಂತ ತಿಳ್ಕೊಳ್ಳೋದು ಹೆಂಗೆ?" ಎಂದು ಕೇಳಿದ.

"ನೀವ್ ತಿಳ್ಕೊಳ್ಳೋದು ಬ್ಯಾಡ. ನಾಲ್ಕು ಜಾಗಕ್ಕೂ ದಿ ಹಾಕಿ. ಎರಡಾದ್ರೂ ಸರಿಯಾಗ್ತದೆ. ನಿಮ್ಮ ಯೋಗ್ಯತೆಗೆ ಎರಡು ಸಾಕು."

ಕೆಳಗಿನ ಸೈಕಲ್ ಅಂಗಡಿಯೂ ಸೇರಿ ಆ ಕಟ್ಟಡವೆಲ್ಲ ಅಪ್ಪಾಜಿ ಎಂಬುವವರದು. ನಾಗಭೂಷಣ ಅವರನ್ನು ಎದುರಿಗೆ ಕಂಡರೆ ಸೊಂಟ ಬಗ್ಗಿಸಿ ನಿಲ್ಲುತ್ತಿದ್ದ. ಒಂದು ದಿನ ನಲ್ಲಿ ರಿಪೇರಿಯ ವಿಷಯಕ್ಕೆ ಅವರಿಂದ ಮಾತು ಕೇಳಿಕೊಂಡು ಮೇಲೆ ಬಂದವನು, ಬಾಗಿಲು ಹಾಕಿ, ಪಾಠದ ಧ್ವನಿಯಲ್ಲೇ ಹೇಳಿದ: "ಅಪ್ಪಾಜಿ ಹ್ಯಾಸ್ ಸಮ್ ಬಿಲ್ಡಿಂಗ್ಸ್. ಅಪ್ಪಾಜಿ ಹ್ಯಾಸ್ ಸಮ್ ಲ್ಯಾಂಡ್. ಡಸ್ ಹಿ ಹ್ಯಾವ್ ಎನಿ ಮ್ಯಾನರ್ಸ್? ನೊ. ಹೆಬ್ಬೆಟ್ಟು ನನ್ಮಗ, ಇವ್ನಿಗೆ ನಾನ್ ಕೈ ಮುಗೀಬೇಕು." ಆಮೇಲೆ ತಡವರಿಸಿ, "ಇದ್ನ ಬರ್ಕೋಬೇಡ್ರಿ" ಎಂದ.

ನಾನು ಬರೆದುಕೊಳ್ಳಲಿಲ್ಲ. ನನಗೆ ಬರೆದುಕೊಳ್ಳುವ ಅಗತ್ಯವೇ ಇರಲಿಲ್ಲ.

ನಮ್ಮೂರಿನ ಆಂಜನೇಯನ ಗುಡಿಯಲ್ಲಿ ಶ್ರಾವಣ ತುಂಬ ಸಂಜೆಹೊತ್ತು ಕಾವ್ಯ ಓದಿಸುತ್ತಿದ್ದರು. ಚಿಕ್ಕಮಾರಯ್ಯನವರು ರಾಗವಾಗಿ ಓದುವುದು, ನಮ್ಮಪ್ಪ ಅಂಜನಪ್ಪನವರು ಅರ್ಥ ಹೇಳುವುದು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಕೇಳುವುದೊಂದೇ ನನಗೆ ಬಂದ ವಿದ್ಯೆ. ಅಪ್ಪ ಹೇಳುತ್ತಿದ್ದರು: "ಮೊದ್ಲು ಶಬ್ದ ಕೂರಿಸ್ಕೊ ಮಗಾ. ಅಕ್ಷರ ಬಿಡಬಾರ್ದು, ಸೇರಿಸ್ಬಾರ್ದು. ಶಬ್ದ ಕೂತ್ರೆ ಅರ್ಥ ತಾನೇ ಹುಡಿಕ್ಕಂಡ್ ಬತ್ತದೆ." ಹಾಗೆ ನೂರಾರು ಪದ್ಯ ನನ್ನೊಳಗೆ ಕೂತವು. ಅರ್ಥವೂ ಒಂದೊಂದಾಗಿ ಬಂತು. ಅದೇ ಅಭ್ಯಾಸದಲ್ಲಿ ನಾಗಭೂಷಣನ ಮಾತೂ ಕೆಮ್ಮುಸಹಿತ ಕೂತುಬಿಟ್ಟಿತು. ಅರ್ಥ ಮಾತ್ರ ಹುಡುಕಿಕೊಂಡು ಬರಲಿಲ್ಲ. ಇದ್ದರಲ್ಲವೇ ಬರುವುದು.

ಜುಲೈ ಕೊನೆಯಲ್ಲಿ ಅವನು ಒಂದು ಟೆಸ್ಟ್ ಇಟ್ಟ. ಬರೆಯುವ ಹಿಂದಿನ ದಿನ ಮೆಟ್ಟಿಲಲ್ಲಿ ತ್ರಿವೇಣಿ ಹೇಳಿದಳು.

"ಅಕ್ಕಾ, ಇದು ಬರೀ ಟೆಸ್ಟಲ್ಲ. ಇದ್ರಲ್ಲಿ ಪಾಸಾದೋರ ಅರ್ಜಿ ಮಾತ್ರ ಅವ್ನು ಕಳ್ಸೋದು. ಉಳಿದೋರ್ದು ಬೀರೂಲೇ ಇರುತ್ತೆ. ಫೇಲಾಗೋರು ಪರೀಕ್ಷೆಗೇ ಕೂರಲ್ಲ, ಇವ್ನಿಗೆ ನೂರಕ್ಕೆ ನೂರು. ಹೋದ್ ಸಲ ನನ್ನದೂ ಹಂಗೇ ಇಟ್ಕೊಂಡಿದ್ದ."

"ಉಳಿದೋರಿಗೆ ಏನ್ ಹೇಳ್ತಾನೆ?"

"ಮುಂದಿನ್ ವರ್ಷ ಅಂತಾನೆ. ಇನ್ನೇನ್ ಹೇಳ್ತಾನೆ."

ನನಗೆ ಮುಂದಿನ ವರ್ಷ ಇರಲಿಲ್ಲ.

ಟೆಸ್ಟಿನಲ್ಲಿ ಮೊದಲ ಪ್ರಶ್ನೆ: ಸಮ್, ಎನಿ, ಎ, ಆನ್, ದಿ ಇವುಗಳ ಬಳಕೆಯ ನಿಯಮಗಳನ್ನು ತರಗತಿಯಲ್ಲಿ ತಿಳಿಸಿದಂತೆ ಉದಾಹರಣೆ ಸಹಿತ ಬರೆಯಿರಿ. ತಿಳಿಸಿದಂತೆ ಎಂದು ಕೇಳಿದ್ದರಿಂದ ತಿಳಿಸಿದಂತೆಯೇ ಬರೆಯಬೇಕೆಂದು ನಾನು ನಂಬಿದೆ. ಬೇರೆ ಉದಾಹರಣೆ ನನಗೆ ಗೊತ್ತಿದ್ದರೆ ತಾನೆ? ಗುಬ್ಬಿಯ ಮಿದುಳು, ಕುಣಿಗಲ್ಲಿನ ಮಿದುಳು, ಹಾಗಲವಾಡಿಯ ಎಮ್ಮೆ, ಎಲ್ಲ ಬಂದವು. ಪದ್ಯ ಕಲಿತವರಿಗೆ ಗೊತ್ತು, ನಡುವಿನ ಒಂದು ಸಾಲು ಬಿಟ್ಟರೆ ಮುಂದಿನದು ಬಾಯಿಗೆ ಬರುವುದಿಲ್ಲ. ನಾಲ್ಕನೆಯ ಪುಟದಲ್ಲಿ ಅಪ್ಪಾಜಿಯ ಕಟ್ಟಡಗಳು ಬಂದಾಗ ಪೆನ್ನು ನಿಂತಿತು. ಒಂದು ಉಸಿರಿನಷ್ಟು ಹೊತ್ತು. ನಿಂತದ್ದು ಯಾಕೆಂದು ನನಗೆ ತಿಳಿದಿತ್ತು, ಮುಂದುವರಿದದ್ದು ಯಾಕೆಂದೂ ತಿಳಿದಿತ್ತು. ಮರೆವಿನಿಂದ ಬರೆದೆ ಎಂದು ಹೇಳಿದರೆ ದೇವರು ಮೆಚ್ಚುವುದಿಲ್ಲ. 'ಇದ್ನ ಬರ್ಕೋಬೇಡ್ರಿ' ಎನ್ನುವುದನ್ನೂ ಬರೆದು ಪೂರ್ಣವಿರಾಮ ಹಾಕಿದೆ.

ಎರಡು ದಿನದ ಮೇಲೆ ಆಯ್ಕೆ ಹೇಳುವ ದಿನ. ಆವತ್ತು ಫ್ಯಾನಿನ ಕೆಳಗೆ ಕೂರಿಸಲು ಅವನಿಗೊಬ್ಬ ದೊಡ್ಡಮನುಷ್ಯ ಬೇಕು. ಅಪ್ಪಾಜಿಗೆ ಹಾರ ಹಾಕಿ ಕೂರಿಸಿದ್ದ. ತನ್ನ ಕಟ್ಟುನಿಟ್ಟು ತೋರಿಸಲು ಪ್ರತಿ ಸಲ ಒಂದು ಕೆಟ್ಟ ಉತ್ತರವನ್ನು ಗಟ್ಟಿಯಾಗಿ ಓದಿ ನಗಿಸುವುದು ಅವನ ಪದ್ಧತಿಯಂತೆ. ಆ ಸಲ ನನ್ನದನ್ನು ಆರಿಸಿದ್ದ, ಯಾಕೆಂದರೆ ಅದು ಎಲ್ಲಕ್ಕಿಂತ ಉದ್ದವಾಗಿತ್ತು. ಮೊದಲ ಪುಟ ನೋಡಿ ಸೊನ್ನೆ ಹಾಕಿದ್ದ. ಕೊನೆಯವರೆಗೆ ಓದುವಷ್ಟು ಮರ್ಯಾದೆಯನ್ನು ಅವನು ನಮ್ಮ ಯಾರ ಕಾಗದಕ್ಕೂ ಕೊಟ್ಟವನಲ್ಲ.

"ನೋಡಿ ಅಪ್ಪಾಜಿ, ಈಯಮ್ಮ ಗ್ರಾಮರ್ ಬರ್ದಿರೋ ಚೆಂದ" ಎಂದು ಶುರುಮಾಡಿದ. ಗುಬ್ಬಿಗೆ ಮಿದುಳಿದೆಯೇ ಎಂದು ಓದಿದ. ಕುಣಿಗಲ್ಲಿಗೆ ಇಲ್ಲ ಎಂದು ಓದಿದ. ಅಪ್ಪಾಜಿ ಮೀಸೆಯಲ್ಲಿ ನಕ್ಕರು. ತನ್ನದೇ ಮಾತು ಎಂದು ಹೊಳೆಯಲು ಅವನಿಗೆ ಎಮ್ಮೆಯವರೆಗೆ ಹೊತ್ತು ಹಿಡಿಯಿತು. ಹೊಳೆದರೂ ನಿಲ್ಲಿಸಲಿಲ್ಲ, ನಗು ಚೆನ್ನಾಗಿ ಬರುತ್ತಿತ್ತಲ್ಲ. ಪುಟ ತಿರುವಿದ. "ಅಪ್ಪಾಜಿ ಹ್ಯಾಸ್ ಸಮ್" ಎಂದವನು ಬಾಯಿ ಮುಚ್ಚಿದ.

"ಯಾಕ್ ನಿಲ್ಲಿಸ್ದೆ? ನನ್ನೆಸ್ರು ಬಂದಂಗಾಯ್ತು."

"ಏನಿಲ್ಲ ಅಪ್ಪಾಜಿ, ಅಕ್ಷರ ಗೊತ್ತಾಗ್ತಿಲ್ಲ."

"ಇಲ್ಲೀಗಂಟ ಗೊತ್ತಾಯ್ತಿತ್ತಲ್ಲಪ್ಪ." ಅಪ್ಪಾಜಿ ಕಾಗದ ಕಿತ್ತುಕೊಂಡು ಮುಂದಿನ ಬೆಂಚಿನಲ್ಲಿದ್ದ ತ್ರಿವೇಣಿಗೆ ಕೊಟ್ಟರು. "ನೀನ್ ಓದವ್ವ."

ತ್ರಿವೇಣಿ ಓದಿದಳು. ಇಂಗ್ಲಿಷ್ ಬಂದ ಕಡೆ ಅಲ್ಲಲ್ಲೇ ಕನ್ನಡ ಮಾಡಿದಳು, ಯಾರೂ ಕೇಳದಿದ್ದರೂ. ಹೆಬ್ಬೆಟ್ಟು ಎನ್ನುವುದಕ್ಕೆ ಕನ್ನಡ ಬೇಕಿರಲಿಲ್ಲ. 'ಇದ್ನ ಬರ್ಕೋಬೇಡ್ರಿ' ಎನ್ನುವುದನ್ನೂ ಓದಿ ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟಳು.

ಅಪ್ಪಾಜಿ ನನ್ನ ಕಡೆ ತಿರುಗಿದರು. "ಇದು ಇವ್ನೇ ಹೇಳಿದ್ದೇನಮ್ಮ? ಇಲ್ಲಾ ನೀನೇ ಕಟ್ಟಿದ್ದೋ?"

ನಾಗಭೂಷಣ ಅವರ ಹಿಂದೆ ನಿಂತು ನನ್ನನ್ನು ನೋಡಿದ. ಮೂರು ತಿಂಗಳಲ್ಲಿ ಮೊದಲ ಸಲ ಅವನು ನನ್ನನ್ನು ಮನುಷ್ಯಳೆಂದು ನೋಡಿದ್ದು ಆಗಲೇ. ನಾನೇ ಕಟ್ಟಿದೆ ಎಂದರೆ ನನ್ನ ಅರ್ಜಿ ಆವತ್ತೇ ಹೋಗುತ್ತದೆಂದು ಆ ಕಣ್ಣು ಹೇಳುತ್ತಿತ್ತು. ಬೀರುವಿನ ಕೀಲಿ ಅವನ ಜೇಬಿನಲ್ಲಿತ್ತು. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಆದರೆ ಇಲ್ಲದ ಸಾಲನ್ನು ಸೇರಿಸಿದೆ ಎಂದು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ. ಅಪ್ಪನ ಮಗಳು ನಾನು. ಕೇಳಿದ್ದನ್ನು ಕೆಡಿಸಿದೆ ಎನ್ನಿಸಿಕೊಂಡು ಬದುಕುವುದಕ್ಕಿಂತ ಲೋಟ ತೊಳೆಯಬಹುದು ಎನ್ನಿಸಿತು.

"ಅವರು ಹೇಳಿದ್ದರಲ್ಲಿ ಒಂದಕ್ಷರಾನೂ ಬಿಟ್ಟಿಲ್ಲ. ಸೇರ್ಸೂ ಇಲ್ಲ" ಎಂದೆ.

ಅಪ್ಪಾಜಿ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಹೊಟ್ಟೆ ಕುಲುಕಿಸಿಕೊಂಡು ನಕ್ಕರು. "ಇನ್ನೂ ಏನೇನ್ ಹೇಳವ್ನೆ, ಎಲ್ಲಾ ಹೇಳಮ್ಮ, ಕೇಳಾಣ. ಎದ್ ನಿಂತ್ಕಂಡ್ ಹೇಳು."

ನಾನು ಹೇಳಿದೆ. ಬರೆಯುವಾಗ ಇಲ್ಲದ್ದು ಬಾಯಲ್ಲಿ ಹೇಳುವಾಗ ಬಂತು, ರಾಗ. ಚಿಕ್ಕಮಾರಯ್ಯನವರು ಗುಡಿಯಲ್ಲಿ ಕಣ್ಣು ಮುಚ್ಚಿ ಎತ್ತುತ್ತಿದ್ದ ರಾಗ ಅದು. ಅದರಲ್ಲಿ ನಾಗಭೂಷಣನ ಎಮ್ಮೆ ಕೋಣಗಳೆಲ್ಲ ಸಾಲಾಗಿ ಹೋದವು. ಅಪ್ಪಾಜಿ ತೊಡೆ ತಟ್ಟಿದರು, ತರಗತಿ ಚಪ್ಪಾಳೆ ಹೊಡೆಯಿತು. ಒಬ್ಬ ಹೊಲಸು ಬಾಯಿಯವನ ಮಾತನ್ನು ಒಬ್ಬ ಸೊಕ್ಕಿನವನ ಖುಷಿಗೆಂದು, ದೇವರ ಮುಂದಿನ ರಾಗದಲ್ಲಿ ಹಾಡಿದೆ. ಆ ಕೋಣೆಯಲ್ಲಿ ಎಲ್ಲರಿಗಿಂತ ಕಡಿಮೆಯಾದದ್ದು ನಾನೇ. ಇದನ್ನು ಅಪ್ಪನಿಗೆ ನಾನು ಕೊನೆಯವರೆಗೂ ಹೇಳಲಿಲ್ಲ.

"ಈಯಮ್ಮನ ಅರ್ಜಿ ಕಳ್ಸು" ಎಂದರು ಅಪ್ಪಾಜಿ, ಏಳುತ್ತಾ. "ಇಲ್ಲಾಂದ್ರೆ ಸಂಜೆಗೆ ರೂಮ್ ಖಾಲಿ ಮಾಡು. ಇನ್ನೊಂದು. ಭಾನುವಾರ ಭಾನುವಾರ ಮನೆಗ್ ಬಂದು ನಮ್ಮ ಮೊಮ್ಮಗೂಗೆ ಪಾಠ ಹೇಳ್ಕೊಡು. ಸಮ್ ಮ್ಯಾನರ್ಸು ಕಲೀಲಿ."

ಅವರು ನನ್ನ ಕಷ್ಟ ಏನೆಂದು ಕೇಳಲಿಲ್ಲ, ಟೆಸ್ಟಿನಲ್ಲಿ ಬಿದ್ದು ಬೀರುವಿನಲ್ಲೇ ಉಳಿದ ಇನ್ನೂ ಆರು ಜನರ ಅರ್ಜಿಯ ಮಾತೆತ್ತಲಿಲ್ಲ. ಹಗ್ಗ ಸಿಕ್ಕಿತ್ತು, ನಾಗಭೂಷಣನ ಮೂಗಿಗೆ ಪೋಣಿಸಿಕೊಂಡು ಹೋದರು. ನಾನೂ ಆ ಆರು ಜನರ ಮಾತೆತ್ತಲಿಲ್ಲ.

ಅರ್ಜಿ ಹೋಯಿತು. ಮಾರನೆಯ ದಿನ ನಾಗಭೂಷಣ ನನ್ನ ಬೆಂಚಿನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಕಳ್ಸಿದೀನಿ. ಪಾಸ್ ಮಾಡ್ಸೋದು ನಿಮ್ಮ ಅಪ್ಪಾಜಿ ಕೈಲಿಲ್ಲ."

ಆ ಮಾತು ಮಾತ್ರ ನಿಜ. ಬೈಗುಳ ನೆನಪಿದ್ದರೆ ಪರೀಕ್ಷೆ ಪಾಸಾಗುವುದಿಲ್ಲ. ತ್ರಿವೇಣಿಗೆ ಒಂದೂ ನೆನಪಿರುತ್ತಿರಲಿಲ್ಲ, ಆದರೆ ಒಂದೊಂದೇ ವಾಕ್ಯ ಮುಂದಿಟ್ಟರೆ ಥಟ್ಟನೆ ತಿಳಿಯುತ್ತಿತ್ತು. ಆದ್ದರಿಂದ ಆರು ವಾರ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ನಮ್ಮೂರಿನ ಪದ್ಧತಿ ಹಿಡಿದೆವು. ಪಠ್ಯಪುಸ್ತಕದ ಸಾಲನ್ನು ನಾನು ಓದುವುದು, ಅವಳು ಅರ್ಥ ಹೇಳುವುದು.

"ಅಕ್ಕಾ, ಎಣಿಸೋಕಾಗೋದಕ್ಕೆ ಎ, ಆನ್. ಎಣಿಸೋಕಾಗ್ದೆ ಇರೋದಕ್ಕೆ ಅದು ಬರಲ್ಲ, ಸಮ್ ಬೇಕಾದ್ರೆ ಹಾಕ್ಬೋದು."

"ತೆಂಗಿನಕಾಯಿ ಎಣಿಸ್ತೀವಿ. ರಾಗಿ ಅಳೀತೀವಿ" ಎಂದೆ.

"ಹೂಂ, ಅಷ್ಟೇ. ಎ ಕೋಕೋನಟ್. ಸಮ್ ರಾಗಿ. ನಂಗೂ ಇಷ್ಟ್ ಬೇಗ ಅರ್ಥ ಆಗಿರ್ಲಿಲ್ಲ ಬಿಡಿ."

ಮನೆಗೆ ಹೋಗುವ ಬಸ್ಸಿನಲ್ಲಿ ಇನ್ನೊಂದು ಹೊಳೆಯಿತು. ಅಪ್ಪ ಪ್ರತಿ ಕತೆಗೂ ಅರ್ಥ ಶುರುಮಾಡುತ್ತಿದ್ದದ್ದು, 'ಒಬ್ಬರು ರಾಜರು ಇದ್ದರು, ಆ ರಾಜರಿಗೆ' ಎಂದು. ಒಬ್ಬರು ರಾಜರು, ಆಮೇಲೆ ಆ ರಾಜರು. ಎ ಮತ್ತು ದಿ ನಮ್ಮ ಗುಡಿಯ ಕಂಬದ ಪಕ್ಕದಲ್ಲೇ ಇದ್ದವು. ಎಮ್ಮೆ ಎಂದು ಕರೆಸಿಕೊಳ್ಳದೆಯೂ ಕಲಿಯಬಹುದಿತ್ತು. ಶಬ್ದ ಕೂತಿದ್ದಕ್ಕೆ ಕೊನೆಗೂ ಅರ್ಥ ಬಂದಿತ್ತು, ಆದರೆ ನಾಗಭೂಷಣನ ಶಬ್ದಕ್ಕಲ್ಲ.

ಸೆಪ್ಟೆಂಬರ್ ಪರೀಕ್ಷೆಯಲ್ಲಿ ಖಾಲಿ ಜಾಗ ತುಂಬುವ ಪ್ರಶ್ನೆ ಬಂತು. ನಮ್ಮ ಬ್ಯಾಚಿನವರು ಹೊರಗೆ ಬಂದು, ನಾಲ್ಕಕ್ಕೂ ದಿ ಹಾಕಿದೆವು ಎಂದು ಹೇಳಿಕೊಳ್ಳುತ್ತಿದ್ದರು. ನಾನು ನಾಲ್ಕನ್ನೂ ಓದಿ, ಯೋಚಿಸಿ ತುಂಬಿದ್ದೆ. ನಲವತ್ತೊಂದು ಬಂತು. ತ್ರಿವೇಣಿಗೆ ಐವತ್ತೆರಡು. ನಾಗಭೂಷಣ ಬೋರ್ಡಿನ ಪಕ್ಕದಲ್ಲಿ ನಮ್ಮ ಹೆಸರುಗಳನ್ನು ಬರೆಸಿದನಂತೆ, ಸಂಸ್ಥೆಯ ಹೆಮ್ಮೆ ಎಂದು. ನಾನು ನೋಡಲು ಹೋಗಲಿಲ್ಲ.

ಕೆಲಸಕ್ಕೆ ಸೇರಿದ್ದು ಮರುವರ್ಷದ ಜನವರಿಯಲ್ಲಿ, ಒಂದು ಸೋಮವಾರ. ಯಜಮಾನರ ಕುರ್ಚಿಯ ಒಂದು ಕಾಲು ಹಿಂದಿನಿಂದಲೂ ಕುಂಟು. ಅವರು ಮಡಿಸಿ ಇಟ್ಟಿದ್ದ ರಟ್ಟು ಇನ್ನೂ ಅಲ್ಲೇ ಇತ್ತು. ಕೂತೆ. ಹನ್ನೊಂದು ಗಂಟೆಗೆ ಹೋಟೆಲಿನ ಹುಡುಗ ಕಾಫಿ ತಂದು ಕಚೇರಿಯ ಐದು ಲೋಟಗಳಿಗೆ ಬಗ್ಗಿಸಿ ಹೋದ. ಎಲ್ಲರೂ ಕುಡಿದರು. ಗಂಗಣ್ಣ ಖಾಲಿ ಲೋಟಗಳನ್ನು ತಟ್ಟೆಯಲ್ಲಿಟ್ಟು ನನ್ನ ಮೇಜಿನ ಅಂಚಿಗೆ ತಳ್ಳಿದ.

"ಜವಾನ ರಜ ಹಾಕವ್ನೆ ಕಣಮ್ಮ. ಇವತ್ತೊಂದಿನ."

ಒಬ್ಬಟ್ಟಿಗೆ ಎರಡು ಸಲ ತುಪ್ಪ ಹಾಕಿಸಿಕೊಂಡವನು ನೋಡುತ್ತಿದ್ದ. "ಮೇಡಮ್ಮು ಇಂಗ್ಲಿಷ್ ಪಾಸಾಗವ್ರೆ ಸಾರ್, ಕನ್ನಡದಲ್ಲಿ ಹೇಳಿದ್ರೆ ತಿಳ್ಯಕಿಲ್ಲ."

ನಾನು ಎದ್ದೆ. ಗಂಗಣ್ಣ ತನ್ನ ಫೈಲಿಗೆ ತಿರುಗಿದ, ಮುಗಿಯಿತು ಎನ್ನುವಂತೆ. ತಟ್ಟೆಯಿಂದ ನನ್ನ ಲೋಟ ಒಂದನ್ನೇ ಎತ್ತಿಕೊಂಡು, ಹಿಂದಿನ ನಲ್ಲಿಯ ಹತ್ತಿರ ಹೋಗಿ ತೊಳೆದು ತಂದು, ಮೇಜಿನ ಮೇಲೆ ಬೋರಲು ಹಾಕಿದೆ. ತಟ್ಟೆಯನ್ನು ಎಲ್ಲಿಂದ ಬಂತೋ ಅಲ್ಲಿಗೆ ಸರಿಸಿ ಕೂತೆ.

ಸಂಜೆ ಬೀಗ ಹಾಕುವವರೆಗೂ ಆ ನಾಲ್ಕು ಲೋಟ ಗಂಗಣ್ಣನ ಮೇಜಿನ ಮೇಲೇ ಇದ್ದವು, ತಳದ ಸಕ್ಕರೆಗೆ ನೊಣ ಕೂತುಕೊಂಡು.